ಸಕ್ಕರೆ ಸೀಮೆಯಲ್ಲಿ ಚಾಕೊಲೇಟ್ ಪೇಯದ ಪುಡಿ: ತಯಾರಿಕೆ ಮತ್ತು ಲೆಕ್ಕಾಚಾರ

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ದಡದ ಕಬ್ಬು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಆರ್ಥಿಕ ಜೀವನದ ಬೆನ್ನೆಲುಬಾಗಿದೆ ಎಂಬುದು ಎಲ್ಲರೂ ಬಲ್ಲ ಸಂಗತಿ. 1939ರಲ್ಲಿ ಸ್ಥಾಪನೆಗೊಂಡ ಉಗಾರ ಶುಗರ್ ವರ್ಕ್ಸ್ ಮೊದಲ್ಗೊಂಡು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮುಂತಾದ ಸಹಕಾರಿ ಕಾರ್ಖಾನೆಗಳವರೆಗೆ ಈ ಭಾಗದಲ್ಲಿ ಸಕ್ಕರೆಯ ಉತ್ಪಾದನೆಗೆ ಕೊರತೆಯಿಲ್ಲ. ಆದರೆ ಇಲ್ಲಿಯ ಸಕ್ಕರೆಯ ಬಹುಪಾಲು 50 ಕಿಲೋ ಚೀಲಗಳಲ್ಲಿಯೇ ಹೊರಗೆ ಸಾಗುತ್ತದೆ. ಬಿಸ್ಕತ್ತು, ಮಿಠಾಯಿ, ಪೇಯದ ಪುಡಿಗಳ ರೂಪದಲ್ಲಿ ಮತ್ತೆ ಇಲ್ಲಿಯ ಕಿರಾಣಿ ಅಂಗಡಿಗೆ ಮರಳುವಾಗ ಅದೇ ಸಕ್ಕರೆಯ ಬೆಲೆ ಹಲವು ಪಟ್ಟು ಏರಿರುತ್ತದೆ. ಈ ಅಂತರದಲ್ಲಿ ಒಂದು ಪಾಲಾದರೂ ಸ್ಥಳೀಯ ಸಣ್ಣ ತಯಾರಕರಿಗೆ ದಕ್ಕಬಾರದೇ ಎಂಬ ಪ್ರಶ್ನೆ ಸಹಜವಾದುದು.

ಈ ದೃಷ್ಟಿಯಿಂದ ಪರಿಶೀಲಿಸಲು ಯೋಗ್ಯವಾದ ಒಂದು ಸರಕು ಬಿಸಿ ಚಾಕೊಲೇಟ್ ಪೇಯದ ಪುಡಿ, ಅಂದರೆ ಹಾಟ್ ಚಾಕೊಲೇಟ್ ಮಿಕ್ಸ್. ಇದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆಯೇ ಇರುತ್ತದೆ. ಯಂತ್ರಗಳು ಸರಳ, ಬಂಡವಾಳ ಮಿತವಾದುದು. ಹಾಗೆಂದು ಇದು ಸುಲಭದ ವ್ಯಾಪಾರವೆಂದು ಭಾವಿಸಿದರೆ ನಷ್ಟವೇ ಕಟ್ಟಿಟ್ಟದ್ದು. ಸಕ್ಕರೆ ಅಗ್ಗ, ಕೋಕೋ ದುಬಾರಿ. ಆದ್ದರಿಂದ ಕೋಕೋವನ್ನು ಕಡಿಮೆ ಮಾಡಿ ಸಕ್ಕರೆಯನ್ನು ಹೆಚ್ಚಿಸುವ ಆಸೆ ಪ್ರತಿ ತಯಾರಕನಿಗೂ ಬರುತ್ತದೆ. ಆ ಆಸೆಯನ್ನು ಗೆದ್ದವನಿಗೆ ಮಾತ್ರ ಈ ಉದ್ಯಮದಲ್ಲಿ ನೆಲೆಯಿದೆ ಎಂಬುದನ್ನು ಲೆಕ್ಕದ ಮೂಲಕವೇ ನೋಡಬಹುದು.

ಹೆಸರಿಗೆ ತಕ್ಕ ಸರಕು ಯಾವುದು?

ಕೋಕೋ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು, ಅರೆದು, ಒತ್ತಿ ಕೊಬ್ಬನ್ನು ಬೇರ್ಪಡಿಸಿದ ಬಳಿಕ ಉಳಿಯುವ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪುಡಿ ದೊರೆಯುತ್ತದೆ. ಈ ಒತ್ತುವ ವಿಧಾನಕ್ಕೆ 1828ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಹೌಟೆನ್ ಕುಟುಂಬ ಹಕ್ಕುಪತ್ರ ಪಡೆಯಿತು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ಶೇ. 10ರಿಂದ 12ರಷ್ಟು ಕೊಬ್ಬುಳ್ಳ ಪುಡಿ ಮತ್ತು ಶೇ. 20ಕ್ಕಿಂತ ಹೆಚ್ಚು ಕೊಬ್ಬುಳ್ಳ ಪುಡಿ. ಎರಡನೆಯದರಲ್ಲಿ ರುಚಿ ತುಂಬಿರುತ್ತದೆ, ಬೆಲೆಯೂ ಹೆಚ್ಚು. ಇದಲ್ಲದೆ ಸಹಜ ಪುಡಿ ಮತ್ತು ಕ್ಷಾರದಿಂದ ಸಂಸ್ಕರಿಸಿದ ಪುಡಿ ಎಂಬ ಭೇದವೂ ಉಂಟು. ಸಹಜ ಪುಡಿ ತಿಳಿ ಕಂದು ಬಣ್ಣದ್ದು, ತುಸು ಹುಳಿ ಗುಣವುಳ್ಳದ್ದು. ಸಂಸ್ಕರಿಸಿದ ಪುಡಿ ಗಾಢ ಬಣ್ಣದ್ದು, ಹುಳಿ ಕಡಿಮೆ, ಹಾಲಿನಲ್ಲಿ ಚೆನ್ನಾಗಿ ಹರಡುತ್ತದೆ. ಗಾಢ ಬಣ್ಣವಿದ್ದ ಮಾತ್ರಕ್ಕೆ ಕೋಕೋ ಹೆಚ್ಚಿದೆ ಎಂದು ತಿಳಿಯುವುದು ತಪ್ಪು.

ಪುಡಿಯಲ್ಲಿ ಎಷ್ಟು ಕೋಕೋ ಇದ್ದರೆ ಅದನ್ನು ಚಾಕೊಲೇಟ್ ಪೇಯ ಎನ್ನಬಹುದು? ಯುರೋಪ್ ಒಕ್ಕೂಟವು 2000ನೇ ಇಸವಿಯ ತನ್ನ ನಿರ್ದೇಶನದಲ್ಲಿ ಶೇ. 25ರ ಕನಿಷ್ಠ ಮಿತಿಯನ್ನು ಇರಿಸಿದೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ ಶೇ. 25ಕ್ಕೆ ಒಂದು ಹೆಸರು, ಶೇ. 20ಕ್ಕಿಂತ ಕೆಳಗೆ ಕೇವಲ ‘ಕೋಕೋ ಸ್ವಾದದ ಮಿಶ್ರಣ’ ಎಂಬ ಹೆಸರು ನೀಡುತ್ತದೆ. ಇವು ನಮ್ಮಲ್ಲಿಯ ಕಿರಾಣಿ ವ್ಯಾಪಾರಿಗೆ ನೇರವಾಗಿ ಅನ್ವಯಿಸುವ ಕಾನೂನುಗಳಲ್ಲವಾದರೂ ಸರಕನ್ನು ಅಳೆಯಲು ಉತ್ತಮ ಅಳತೆಗೋಲುಗಳಾಗಿವೆ.

ಖರೀದಿಸುವ ವ್ಯಾಪಾರಿ, ಹೋಟೆಲ್ ಮಾಲೀಕ ಅಥವಾ ಕ್ಯಾಂಟೀನ್ ಗುತ್ತಿಗೆದಾರ ಮೂರು ಪರೀಕ್ಷೆಗಳನ್ನು ತಾನೇ ಮಾಡಬಹುದು. ಮೊದಲನೆಯದಾಗಿ, ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿಯೇ ಮುದ್ರಿಸಬೇಕೆಂಬ ನಿಯಮವಿದೆ. ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್, ಹಾಲಿನ ಪುಡಿಗಳ ನಂತರ ನಾಲ್ಕನೆಯ ಸ್ಥಾನದಲ್ಲಿ ಕೋಕೋ ಇದ್ದರೆ ಅದು ಹೆಸರಿಗೆ ಮಾತ್ರ ಚಾಕೊಲೇಟ್. ಎರಡನೆಯದಾಗಿ, ಗಾಜಿನ ಲೋಟದಲ್ಲಿ ಬಿಸಿ ಹಾಲಿಗೆ ಪುಡಿಯನ್ನು ಕಲಕಿ ಐದು ನಿಮಿಷ ಬಿಡಬೇಕು. ಕೋಕೋ ಕರಗುವ ವಸ್ತುವಲ್ಲ, ತೇಲಿ ಹರಡಿ ನಿಲ್ಲುವ ವಸ್ತು; ಆದ್ದರಿಂದ ತಳದಲ್ಲಿ ಅಲ್ಪ ಗಸಿ ಸಹಜ. ಆದರೆ ಬೆರಳಿಗೆ ಮರಳಿನಂತೆ ತಾಗುವ ಗಸಿಯಿದ್ದರೆ ಪುಡಿ ದಪ್ಪವಾಗಿದೆ ಅಥವಾ ಬೀಜದ ಸಿಪ್ಪೆ ಬೆರೆತಿದೆ ಎಂದು ಸಂಶಯಿಸಬೇಕು. ಮೂರನೆಯದಾಗಿ, ಪೊಟ್ಟಣವನ್ನು ತೆರೆದೊಡನೆ ಹೊಗೆ, ಮುಗ್ಗಲು ಅಥವಾ ಬರಿಯ ವೆನಿಲ್ಲಾ ವಾಸನೆ ಬಂದರೆ ಅಂಥ ಸರಕನ್ನು ದೂರವಿಡುವುದೇ ಲೇಸು.

ಕೋಕೋ ಎಲ್ಲಿಂದ ಬರುತ್ತದೆ?

ಕೋಕೋಗಾಗಿ ಕರ್ನಾಟಕದ ಹೊರಗೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಮಿಶ್ರ ಬೆಳೆಯಾಗಿ ಬೇರೂರಿದೆ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಸ್ಥಾಪನೆಗೊಂಡ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೋಕೋ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಸಂದರ್ಭದಲ್ಲಿ ಹಸಿ ಬೀಜದ ಖರೀದಿಗೆ ಇಳಿಯಿತು. ಕೊಂಡ ಬೀಜಕ್ಕೆ ಸ್ಥಿರವಾದ ಬಳಕೆ ಬೇಕೆಂದು 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಚಾಕೊಲೇಟುಗಳಲ್ಲದೆ ಕೋಕೋ ಪುಡಿ, ಕೋಕೋ ಬೆಣ್ಣೆ ಹಾಗೂ ಪೇಯದ ಪುಡಿ ಸಹ ಅಲ್ಲಿ ತಯಾರಾಗುತ್ತವೆ.

ಕಚ್ಚಾ ಮಾಲಿಗೆ ಬೆಲೆ ಸಿಗದಿದ್ದಾಗ ಬೆಳೆಗಾರರೇ ಸೇರಿ ಅದನ್ನು ಸಿದ್ಧ ವಸ್ತುವನ್ನಾಗಿ ಮಾರ್ಪಡಿಸಿದ ಈ ನಿದರ್ಶನ, ಸಕ್ಕರೆ ಮತ್ತು ಬೆಲ್ಲದ ಧಾರಣೆಯ ಏರಿಳಿತಕ್ಕೆ ಸಿಲುಕುವ ನಮ್ಮ ಭಾಗದವರಿಗೆ ಪಾಠವಾಗಬಲ್ಲುದು. ಆದರೆ ಪುತ್ತೂರಿನವರಿಗೆ ಕೋಕೋ ಮನೆಯ ಬೆಳೆ. ನಮಗೆ ಅದು ಕೊಂಡು ತರಬೇಕಾದ ಸರಕು. ಕೊಂಡು ತರುವ ಸರಕಿನ ಬೆಲೆ ನಮ್ಮ ಕೈಯಲ್ಲಿಲ್ಲ. ಜಗತ್ತಿನ ಕೋಕೋ ಉತ್ಪಾದನೆಯ ಅರ್ಧಕ್ಕೂ ಹೆಚ್ಚು ಪಾಲು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳದ್ದು. ಅಲ್ಲಿ ರೋಗ ಮತ್ತು ಹವಾಮಾನದ ಕಾರಣ ಬೆಳೆ ಕೈಕೊಟ್ಟಾಗ 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಪೇಟೆಯ ವಾಯಿದಾ ಬೆಲೆ ಟನ್ನಿಗೆ 11,000 ಡಾಲರ್ ದಾಟಿತು, ಡಿಸೆಂಬರ್‌ನಲ್ಲಿ 12,000 ಡಾಲರನ್ನೂ ಮೀರಿತು. 2025ರಲ್ಲಿ ಮತ್ತೆ ತೀವ್ರವಾಗಿ ಇಳಿಯಿತು. ಏರಿದ ಬೆಲೆಯಲ್ಲಿ ಆರು ತಿಂಗಳ ದಾಸ್ತಾನು ಮಾಡಿಟ್ಟವನ ಪಾಡು ಏನೆಂಬುದನ್ನು ವಿವರಿಸಬೇಕಾಗಿಲ್ಲ. ಸಣ್ಣ ತಯಾರಕನು ಒಂದೂವರೆ ಎರಡು ತಿಂಗಳ ಅಗತ್ಯಕ್ಕಿಂತ ಹೆಚ್ಚು ಕೋಕೋ ಸಂಗ್ರಹಿಸದಿರುವುದು ಕ್ಷೇಮ.

ತಯಾರಿಕೆಯ ಸೂಕ್ಷ್ಮಗಳು

ಸಾಧಾರಣ ಒಳ್ಳೆಯ ಮಿಶ್ರಣವೊಂದರ ಪ್ರಮಾಣ ಹೀಗಿರಬಹುದು: ನೂರು ಕಿಲೋದಲ್ಲಿ ಸಕ್ಕರೆ 60, ಕೋಕೋ ಪುಡಿ 25, ಕೆನೆರಹಿತ ಹಾಲಿನ ಪುಡಿ 15. ಚಿಟಿಕೆ ಉಪ್ಪು ಸಿಹಿಯನ್ನು ಹದಗೊಳಿಸಿ ಕೋಕೋ ರುಚಿಯನ್ನು ಎತ್ತಿ ಹಿಡಿಯುತ್ತದೆ. ಇಂಥ 15 ಗ್ರಾಂ ಪುಡಿ ಒಂದು ಲೋಟ ಬಿಸಿ ಹಾಲಿಗೆ ಸಾಕು. 200 ಗ್ರಾಂ ಪೊಟ್ಟಣದಲ್ಲಿ ಹದಿಮೂರು ಲೋಟಗಳಾಗುತ್ತವೆ.

ಸಕ್ಕರೆಯನ್ನು ಪಲ್ವರೈಸರ್‌ನಲ್ಲಿ ನುಣ್ಣಗೆ ಪುಡಿ ಮಾಡಿ, ಕೋಕೋ ಮತ್ತು ಹಾಲಿನ ಪುಡಿಗಳನ್ನು ಜರಡಿ ಹಿಡಿದು, ರಿಬ್ಬನ್ ಬ್ಲೆಂಡರ್‌ನಲ್ಲಿ ಬೆರೆಸಿ, ತಡಮಾಡದೆ ಅಲ್ಯೂಮಿನಿಯಂ ಪದರವುಳ್ಳ ಪೊಟ್ಟಣಕ್ಕೆ ತುಂಬಿ ಮುಚ್ಚಬೇಕು. ನುಣುಪಾದ ಸಕ್ಕರೆ ಗಾಳಿಯ ತೇವವನ್ನು ಹೀರಿ ಗಂಟುಕಟ್ಟುವುದರಿಂದ ಪುಡಿ ಮಾಡಿದ ದಿನವೇ ಬೆರೆಸುವುದು ಉತ್ತಮ. ಗಾಳಿಯಲ್ಲಿ ತೇಲುವ ಸಕ್ಕರೆಯ ಧೂಳು ಕಿಡಿ ತಾಗಿದರೆ ಸ್ಫೋಟಿಸಬಲ್ಲುದಾದ್ದರಿಂದ ಧೂಳು ಹೀರುವ ವ್ಯವಸ್ಥೆ ಮತ್ತು ಭದ್ರವಾದ ವಿದ್ಯುತ್ ಜೋಡಣೆ ಅಗತ್ಯ. ಕೋಕೋದಲ್ಲಿಯ ಕೊಬ್ಬು ನೀರನ್ನು ದೂರ ತಳ್ಳುವ ಕಾರಣ ಪುಡಿ ಹಾಲಿನ ಮೇಲೆ ಗಂಟಾಗಿ ತೇಲುವುದುಂಟು. ಲೆಸಿಥಿನ್ ಲೇಪಿತ ಕೋಕೋ ಪುಡಿಯನ್ನು ಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಘಟಕದ ಸ್ಥಳ ನಿರ್ಧರಿಸುವಾಗ ಈ ಭಾಗದ ವಿಶೇಷಗಳನ್ನು ಮರೆಯಬಾರದು. ಪಶ್ಚಿಮದ ನಿಪ್ಪಾಣಿಯಲ್ಲಿ ಮಳೆಗಾಲದ ತೇವ ಹೆಚ್ಚು. ಅಲ್ಲಿ ತೇವ ನಿಯಂತ್ರಿಸುವ ಯಂತ್ರವಿಲ್ಲದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಡೆಯದು. ಪೂರ್ವದ ಅಥಣಿಯಲ್ಲಿ ಹವೆ ಒಣ, ಆದರೆ ಬೇಸಿಗೆಯ ಬಿಸಿಲು ಪ್ರಖರ. ಕೋಕೋ ಕೊಬ್ಬು ಸುಮಾರು 34 ಡಿಗ್ರಿ ಉಷ್ಣಾಂಶದಲ್ಲಿ ಕರಗುವುದರಿಂದ ತಗಡಿನ ಚಾವಣಿಯ ಗೋದಾಮಿನಲ್ಲಿಟ್ಟ ಪುಡಿ ಹೆಪ್ಪುಗಟ್ಟಿ ಬಣ್ಣ ಕೆಡುತ್ತದೆ. ಇದಕ್ಕಿಂತ ಮುಖ್ಯವಾದ ವಿಷಯ ವಾಸನೆ. ಕೋಕೋ ಮತ್ತು ಹಾಲಿನ ಪುಡಿಗಳು ಸುತ್ತಲಿನ ವಾಸನೆಯನ್ನು ಬಲು ಬೇಗ ಹೀರುತ್ತವೆ. ನಿಪ್ಪಾಣಿಯಲ್ಲಿ ತಂಬಾಕಿನ ಹಳೆಯ ಗೋದಾಮು, ರಾಯಬಾಗದ ಕಡೆ ಅರಿಶಿನದ ಉಗ್ರಾಣ, ಅಥಣಿಯಲ್ಲಿ ಚರ್ಮದ ಮಳಿಗೆ ಕಡಿಮೆ ಬಾಡಿಗೆಗೆ ದೊರೆತರೂ ಅವುಗಳನ್ನು ಈ ಕೆಲಸಕ್ಕೆ ಬಳಸಲಾಗದು. ಬಾಡಿಗೆಯಲ್ಲಿ ಉಳಿಸಿದ ಹಣ ಮರಳಿ ಬಂದ ಸರಕಿನಲ್ಲಿ ಹೋಗುತ್ತದೆ.

ಬೆಲ್ಲ ಬಳಸಬಹುದೇ?

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ವಾಗಿ ಬೆಲ್ಲವನ್ನು ಆಯ್ಕೆ ಮಾಡಲಾಯಿತು. ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಹಾಯಧನಕ್ಕೆ ಆ ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿ ಸಲ್ಲಿಸುವವರು ಯೋಜನೆಯ ಅವಧಿ ಮತ್ತು ಅನುದಾನದ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಬಂಡವಾಳ ಹೂಡಬೇಕು. ಸಹಾಯಧನವನ್ನು ನಂಬಿ ಮಾಡಿದ ಲೆಕ್ಕ ಗಟ್ಟಿಯಲ್ಲ.

ಬೆಲ್ಲದ ಚಾಕೊಲೇಟ್ ಪುಡಿ ಈ ಭಾಗಕ್ಕೆ ತನ್ನದೇ ಗುರುತನ್ನು ತರಬಲ್ಲುದು. ಆದರೆ ಬೆಲ್ಲದ ತೇವಾಂಶ ಸಕ್ಕರೆಗಿಂತ ಬಹಳ ಹೆಚ್ಚು. ಗಾಣದಿಂದ ಬಂದ ಬೆಲ್ಲವನ್ನು ಕುಟ್ಟಿ ಬೆರೆಸಿದರೆ ಒಂದೇ ತಿಂಗಳಲ್ಲಿ ಪೊಟ್ಟಣ ಕಲ್ಲಾಗುತ್ತದೆ. ಚೆನ್ನಾಗಿ ಒಣಗಿಸಿದ, ಉದುರುವ ಬೆಲ್ಲದ ಪುಡಿಯನ್ನೇ ಕೊಳ್ಳಬೇಕು. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಸುರಿದ ಬೆಲ್ಲವನ್ನು ದೂರವಿಡಬೇಕು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯುವುದನ್ನು ಪ್ರತಿ ಗೃಹಿಣಿಯೂ ಬಲ್ಲಳು. ಆದ್ದರಿಂದ ಹುಳಿ ಕಡಿಮೆಯಿರುವ ಸಂಸ್ಕರಿತ ಕೋಕೋ ಬಳಸಿ, ‘ಹಾಲನ್ನು ಒಲೆಯಿಂದಿಳಿಸಿದ ನಂತರ ಬೆರೆಸಿರಿ’ ಎಂಬ ಸೂಚನೆಯನ್ನು ಪೊಟ್ಟಣದ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸುವುದು ಅವಶ್ಯ.

ಲೆಕ್ಕ ಏನು ಹೇಳುತ್ತದೆ?

ಕೆಳಗಿನ ದರಗಳು ತಿಳಿವಳಿಕೆಗಾಗಿ ಹಿಡಿದುಕೊಂಡವು, ತೆರಿಗೆ ಸೇರಿಲ್ಲ. ತಯಾರಕರು ತಮ್ಮ ದಿನದ ದರಗಳನ್ನು ಇಟ್ಟು ಲೆಕ್ಕ ಮಾಡಿಕೊಳ್ಳಬೇಕು.

ಸಕ್ಕರೆ 60 ಕಿಲೋ, ದರ ರೂ. 45: ರೂ. 2,700
ಕೋಕೋ ಪುಡಿ 25 ಕಿಲೋ, ದರ ರೂ. 700: ರೂ. 17,500
ಹಾಲಿನ ಪುಡಿ 15 ಕಿಲೋ, ದರ ರೂ. 350: ರೂ. 5,250
ಒಟ್ಟು 100 ಕಿಲೋಗೆ: ರೂ. 25,450

ಶೇ. 2ರಷ್ಟು ನಷ್ಟ ಕಳೆದರೆ 98 ಕಿಲೋ, ಅಂದರೆ 200 ಗ್ರಾಂನ 490 ಪೊಟ್ಟಣಗಳು. ಒಂದು ಪೊಟ್ಟಣಕ್ಕೆ ಪದಾರ್ಥದ ವೆಚ್ಚ ರೂ. 51.94. ಪ್ಯಾಕಿಂಗ್ ರೂ. 6, ಸಾಗಾಣಿಕೆ ರೂ. 2. ತಿಂಗಳಿಗೆ 4,900 ಪೊಟ್ಟಣ ತಯಾರಿಸುವ ಘಟಕದ ಕೂಲಿ, ಬಾಡಿಗೆ, ಬಡ್ಡಿ, ಪರೀಕ್ಷಾ ಶುಲ್ಕ ಮುಂತಾದ ಸ್ಥಿರ ವೆಚ್ಚ ರೂ. 34,300 ಎಂದುಕೊಂಡರೆ ಪೊಟ್ಟಣಕ್ಕೆ ರೂ. 7. ಒಟ್ಟು ವೆಚ್ಚ ರೂ. 66.94.

ಗರಿಷ್ಠ ಮಾರಾಟ ಬೆಲೆ ರೂ. 100 ಇರಲಿ. ಶೇ. 5ರ ಜಿಎಸ್‌ಟಿ ಕಳೆದರೆ ರೂ. 95.24. ಅಂಗಡಿಯವರಿಗೆ ರೂ. 12, ವಿತರಕರಿಗೆ ರೂ. 6 ಬಿಟ್ಟರೆ ತಯಾರಕನಿಗೆ ರೂ. 77.24 ದೊರೆಯುತ್ತದೆ, ಲಾಭ ರೂ. 10.30. ತಿಂಗಳಿಗೆ ಸುಮಾರು 1,980 ಪೊಟ್ಟಣಗಳು ಮಾರಾಟವಾದರೆ ಲಾಭವೂ ಇಲ್ಲ ನಷ್ಟವೂ ಇಲ್ಲ.

ಇದೇ ಲೆಕ್ಕವನ್ನು ಬೇರೆ ಬೇರೆ ದಿಕ್ಕಿನಿಂದ ನೋಡಬೇಕು. ಸಕ್ಕರೆಯ ಬದಲು ಕಿಲೋಗೆ ರೂ. 65ರ ಬೆಲ್ಲದ ಪುಡಿ ಬಳಸಿದರೆ ಪೊಟ್ಟಣಕ್ಕೆ ಹೆಚ್ಚುವ ವೆಚ್ಚ ರೂ. 2.45 ಮಾತ್ರ. ಕೋಕೋ ದರ ರೂ. 1,000 ಆದರೆ ಹೆಚ್ಚುವ ವೆಚ್ಚ ರೂ. 15.31, ಲಾಭ ಅಳಿದು ಪೊಟ್ಟಣಕ್ಕೆ ರೂ. 5ರಷ್ಟು ನಷ್ಟ. ಇನ್ನು ಕೋಕೋವನ್ನು 25ರಿಂದ 15 ಕಿಲೋಗೆ ಇಳಿಸಿ ಆ ಹತ್ತು ಕಿಲೋ ಸಕ್ಕರೆ ತುಂಬಿದರೆ ಪೊಟ್ಟಣಕ್ಕೆ ರೂ. 13.37 ಉಳಿಯುತ್ತದೆ, ಲಾಭ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಕೋಕೋ ಸ್ವಾದದ ಸಕ್ಕರೆಯನ್ನು ಮಾರುವ ದೊಡ್ಡ ಕಂಪನಿಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಟಿ.ವಿ. ಜಾಹೀರಾತಿನ ಬಲವಿದೆ, ಹಳ್ಳಿಹಳ್ಳಿಗೂ ವಿತರಣಾ ಜಾಲವಿದೆ, ಪದಾರ್ಥಗಳು ಸಗಟು ದರದಲ್ಲಿ ದೊರೆಯುತ್ತವೆ. ಅದೇ ಸರಕನ್ನು ಅದೇ ಬೆಲೆಗೆ ಅಪರಿಚಿತ ಹೆಸರಿನಲ್ಲಿ ಮಾರಲು ಹೊರಟ ಸಣ್ಣ ತಯಾರಕನನ್ನು ಗ್ರಾಹಕರು ಏಕೆ ಆರಿಸಬೇಕು? ಮೊದಲ ಸಲ ಕೊಂಡವರು ಎರಡನೆಯ ಸಲ ಬರದಿದ್ದರೆ ರೂ. 13.37ರ ಉಳಿತಾಯ ಗೋದಾಮಿನಲ್ಲಿಯೇ ಕೊಳೆಯುತ್ತದೆ. ಶೇ. 25ರ ಕೋಕೋ ಎಂದು ಪೊಟ್ಟಣದ ಮುಂಭಾಗದಲ್ಲಿ ಮುದ್ರಿಸಿ ಅದನ್ನು ಪಾಲಿಸುವುದೊಂದೇ ಸಣ್ಣವನಿಗಿರುವ ಮೇಲುಗೈ. ಕೋಕೋ ದರ ಏರಿದಾಗ ಪ್ರಮಾಣವನ್ನು ಗುಟ್ಟಾಗಿ ತಗ್ಗಿಸುವುದಕ್ಕಿಂತ ಬೆಲೆ ಏರಿಸುವುದು, ಇಲ್ಲವೇ 200 ಗ್ರಾಂ ಬದಲು 150 ಗ್ರಾಂ ಎಂದು ಸ್ಪಷ್ಟವಾಗಿ ಮುದ್ರಿಸಿ ಮಾರುವುದು ಮೇಲು.

ತೆರಿಗೆ ಮತ್ತು ಗಡಿ

ಸಕ್ಕರೆ ಬೆರೆತ ಕೋಕೋ ಪುಡಿ ಎಚ್‌ಎಸ್‌ಎನ್ 1806ರಲ್ಲಿ ಬರುತ್ತದೆ. 2017ರ ಜುಲೈನಲ್ಲಿ ಇದರ ಮೇಲೆ ಶೇ. 28ರ ಜಿಎಸ್‌ಟಿ ಇತ್ತು. ಅದೇ ನವೆಂಬರ್‌ನಲ್ಲಿ ಶೇ. 18ಕ್ಕೆ, 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಮೇಲಿನ ಲೆಕ್ಕದಲ್ಲಿ ಶೇ. 18 ಇಟ್ಟು ನೋಡಿದರೆ ತಯಾರಕನಿಗೆ ಉಳಿಯುವುದು ರೂ. 66.75 ಮಾತ್ರ, ಅಂದರೆ ಅಸಲೂ ಹುಟ್ಟುವುದಿಲ್ಲ. ಈ ಸರಕು ಇಂದು ಪರಿಶೀಲನೆಗೆ ಯೋಗ್ಯವಾಗಿರುವುದು ಬಹುಮಟ್ಟಿಗೆ ದರದ ಈ ಇಳಿಕೆಯಿಂದಲೇ. ಆದರೆ ಪ್ಯಾಕಿಂಗ್ ಪೊಟ್ಟಣ, ಯಂತ್ರ ಮತ್ತು ಹಲವು ಸೇವೆಗಳ ಮೇಲೆ ಶೇ. 18 ಹಾಗೆಯೇ ಇದೆ. ಇದರಿಂದ ಹೂಡುವಳಿ ತೆರಿಗೆ ಜಮೆ ಶೇಖರವಾಗುತ್ತದೆ. ಪದಾರ್ಥಗಳ ಮೇಲಿನ ಜಮೆಗೆ ಮರುಪಾವತಿ ಕೇಳಬಹುದಾದರೂ ಯಂತ್ರ ಮತ್ತು ಸೇವೆಗಳ ಮೇಲಿನ ಜಮೆಗೆ ಆ ಅವಕಾಶವಿಲ್ಲ. ಯಂತ್ರ ಕೊಳ್ಳುವ ಮುನ್ನ ಈ ಮೊತ್ತವನ್ನು ದುಡಿಯುವ ಬಂಡವಾಳದಲ್ಲಿ ಸೇರಿಸಿಕೊಳ್ಳಬೇಕು.

ನಮ್ಮ ಭಾಗದ ಇನ್ನೊಂದು ವಿಶೇಷವೆಂದರೆ ಗಡಿ. ಕಾಗವಾಡಕ್ಕೆ ಮಿರಜ, ಸಾಂಗಲಿ, ನಿಪ್ಪಾಣಿಗೆ ಕೊಲ್ಹಾಪುರ ಸಹಜ ಮಾರುಕಟ್ಟೆಗಳು. ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ತಯಾರಕನು ವಹಿವಾಟಿನ ಮೇಲೆ ಶೇ. 1 ಕಟ್ಟಿ ನಿಶ್ಚಿಂತನಾಗಬಹುದೆಂದು ತೋರುತ್ತದೆ; ಆದರೆ ಅವನು ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ, ತೆರಿಗೆ ಜಮೆಯನ್ನೂ ಪಡೆಯುವಂತಿಲ್ಲ. ನೋಂದಣಿಯಿಲ್ಲದ ಸಣ್ಣ ತಯಾರಕನೂ ಅಷ್ಟೆ. ಹೊರ ರಾಜ್ಯಕ್ಕೆ ಒಂದು ಪೆಟ್ಟಿಗೆ ಮಾರಬೇಕಾದರೂ ನೋಂದಣಿ ಕಡ್ಡಾಯ. ಆದ್ದರಿಂದ ಈ ಐದು ತಾಲೂಕುಗಳ ತಯಾರಕರಿಗೆ ಆರಂಭದಿಂದಲೇ ಸಾಮಾನ್ಯ ನೋಂದಣಿ ಸೂಕ್ತ.

ವಸೂಲಿಯ ವಿಷಯವನ್ನೂ ಹೇಳಬೇಕು. ತಿಂಗಳಿಗೆ 4,900 ಪೊಟ್ಟಣಗಳನ್ನು 45 ದಿನಗಳ ಉದ್ರಿಯಲ್ಲಿ ಕೊಟ್ಟರೆ ಸುಮಾರು 6 ಲಕ್ಷ ರೂಪಾಯಿ ಪೇಟೆಯಲ್ಲಿಯೇ ನಿಂತಿರುತ್ತದೆ. ಉದ್ಯಮ್ ನೋಂದಣಿ ಮಾಡಿಸಿ ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಬೇಕು. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಹಣ ಸಂದಾಯದ ಅವಧಿ 45 ದಿನ ಮೀರುವಂತಿಲ್ಲ.

ಪೊಟ್ಟಣದ ಮೇಲಿನ ಮಾತು

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿಯನ್ನು ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಪಡೆಯಬೇಕು. ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶಗಳ ವಿವರ, ಸಸ್ಯಾಹಾರದ ಹಸಿರು ಗುರುತು, ಬ್ಯಾಚ್ ಸಂಖ್ಯೆ, ಹಾಲು ಮತ್ತು ಸೋಯಾ ಇದ್ದಲ್ಲಿ ಅಲರ್ಜಿಯ ಸೂಚನೆ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ಪೂರ್ಣ ವಿಳಾಸ ಇರಲೇಬೇಕು. ರಾಜ್ಯದಲ್ಲಿ ತಯಾರಾದ ವಸ್ತುಗಳ ಹೆಸರನ್ನು ಕನ್ನಡದಲ್ಲಿಯೂ ಮುದ್ರಿಸಬೇಕೆಂದು ಸರಕಾರ 2025ರ ಫೆಬ್ರವರಿಯಲ್ಲಿ ಆದೇಶಿಸಿದೆ. ‘ಆರೋಗ್ಯ ಪೇಯ’ ಎಂಬ ಪದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರು ಅಂಥ ವರ್ಗದಿಂದ ಪೇಯದ ಪುಡಿಗಳನ್ನು ತೆಗೆಯುವಂತೆ ಕೇಂದ್ರ ಸರಕಾರ ಸೂಚಿಸಿತು. ಬೆಲ್ಲ ಬಳಸಿ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯುವುದೂ ತಪ್ಪು. ಬೆಲ್ಲವೂ ಸಕ್ಕರೆಯ ರೂಪವೇ.

ಅಥಣಿಯ ಕುಶಲಕರ್ಮಿಗಳು ಹೊಲಿದ ಪಾದರಕ್ಷೆಗಳು ಬಹುಕಾಲದಿಂದ ಕೊಲ್ಹಾಪುರದ ಹೆಸರಿನಲ್ಲಿ ಲೋಕ ಸುತ್ತಿವೆ. ಆ ಚಪ್ಪಲಿಗಳ ಭೌಗೋಳಿಕ ಗುರುತು ಇಂದು ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸಲ್ಲುತ್ತದೆಯಾದರೂ ಹೆಸರು ಕೊಲ್ಹಾಪುರದ್ದೇ. ಒಳ್ಳೆಯ ಸರಕು ಮಾಡುವುದು ಈ ಭಾಗದವರಿಗೆ ಹೊಸತಲ್ಲ. ತಮ್ಮ ಊರಿನ ವಿಳಾಸದೊಡನೆ ಅದನ್ನು ಮಾರುವುದು ಮಾತ್ರ ಕಲಿಯಬೇಕಾಗಿದೆ. ಈ ಉದ್ಯಮಕ್ಕೆ ಇಳಿಯಬಯಸುವವರು ಮೊದಲು ಹತ್ತು ಕಿಲೋ ಪುಡಿ ತಯಾರಿಸಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಅದನ್ನು ಕಪಾಟಿನಲ್ಲಿಟ್ಟು ನೋಡಲಿ. ಪುಡಿ ಗಂಟಾಗದೆ, ರುಚಿ ಕೆಡದೆ ಉಳಿದರೆ, ಕೋಕೋದ ಅಂದಿನ ದರದಲ್ಲಿಯೂ ಲೆಕ್ಕ ಹೊಂದಿದರೆ, ಆಗ ಬ್ಯಾಂಕಿನ ಬಾಗಿಲಿಗೆ ಹೋಗುವುದು ಯುಕ್ತ.